ನಗೆಯೂ ನಿಜವೂ: ಟೇಲರ್ ಟಾಮ್ಲಿನ್ಸನ್ ಎಂಬ ಹಾಸ್ಯಗಾರ್ತಿಯ ಕಲೆಯನ್ನು ಕುರಿತು

ನಮ್ಮ ಸಂಘದ ಸಂಚಿಕೆಗೆ ಕಾಸರಗೋಡು ಸೀಮೆಯ ಉಪಾಧ್ಯಾಯನೊಬ್ಬನು ಲೇಖನ ಬರೆಯುವುದೆಂದರೆ ಅದು ಪಾರ್ತಿಸುಬ್ಬನ ಪ್ರಸಂಗಗಳನ್ನು ಕುರಿತೋ, ಗೋವಿಂದ ಪೈಗಳ ಸಂಶೋಧನೆಯನ್ನು ಕುರಿತೋ, ಊರ ದೇವಸ್ಥಾನದ ಮುಂದಿನ ಶಾಸನವನ್ನು ಕುರಿತೋ ಇರಬೇಕೆಂಬುದು ಬಹುಕಾಲದಿಂದ ನಡೆದುಬಂದ ಕ್ರಮ. ನಾವೂ ಆ ಕ್ರಮವನ್ನು ಮೀರಿದವರಲ್ಲ. ಈ ಸಲ ಮಾತ್ರ ನಮ್ಮ ವಿಷಯ ಅಮೇರಿಕೆಯ ಒಬ್ಬ ತರುಣಿ. ವೇದಿಕೆಯ ಮೇಲೆ ಒಬ್ಬಳೇ ನಿಂತು, ತನ್ನ ಬಾಳಿನ ಗುಟ್ಟುಗಳನ್ನೇ ಹೇಳಿ ಜನರನ್ನು ನಗಿಸುವವಳು. "ಹೆಡ್ಮಾಸ್ತರರಿಗೆ ಇದೇನು ಬಂತು?" ಎಂದು ಕೇಳುವ ಸಹೋದ್ಯೋಗಿಗಳಿಗೆ ಉತ್ತರವನ್ನು ಲೇಖನದ ನಡುವೆ ಕೊಡುತ್ತೇವೆ. ಮೊದಲಲ್ಲಿಯೇ ಕೊಟ್ಟರೆ ಮುಂದಕ್ಕೆ ಓದುವವರು ಕಡಿಮೆಯಾದಾರು.

ಈ ಕಲೆಗೆ ಇಂಗ್ಲಿಷಿನಲ್ಲಿ ಸ್ಟ್ಯಾಂಡ್-ಅಪ್ ಕಾಮೆಡಿ ಎಂದು ಹೆಸರು. ಒಬ್ಬ ಮನುಷ್ಯ, ಒಂದು ಮೈಕು, ಒಂದು ಗಂಟೆಯ ಹೊತ್ತು. ಅದಕ್ಕಿಂತ ಹೆಚ್ಚಿನ ಸಲಕರಣೆ ಏನೂ ಇಲ್ಲ. ನಮ್ಮ ಯಕ್ಷಗಾನದ ಹಾಸ್ಯಗಾರನಿಗಾದರೋ ಬೆನ್ನಿಗೆ ಭಾಗವತರಿದ್ದಾರೆ, ಚೆಂಡೆ ಮದ್ದಳೆಗಳಿವೆ, ಮೈಗೆ ವೇಷವಿದೆ, ಮಾತು ತಪ್ಪಿದರೆ ಎತ್ತಿ ಹಿಡಿಯುವ ಪ್ರಸಂಗವಿದೆ. ಆತನು ಬಾಹುಕನಾಗಿಯೋ ನಾರದನಾಗಿಯೋ ನಗಿಸಿ, ಚೌಕಿಗೆ ಹೋಗಿ ಬಣ್ಣ ಒರಸಿಕೊಂಡರೆ ಮುಗಿಯಿತು. ಸ್ಟ್ಯಾಂಡ್-ಅಪ್‌ನವನಿಗೆ ಒರಸಿಕೊಳ್ಳಲು ಬಣ್ಣವಿಲ್ಲ. ಆತನ ಹೆಸರೇ ಪಾತ್ರದ ಹೆಸರು. ಆತನ ಅಪ್ಪ ಅಮ್ಮಂದಿರೇ ಉಪಪಾತ್ರಗಳು.

ನಾವು ಇದನ್ನು ಕಂಡುದು ಆಕಸ್ಮಿಕವಾಗಿ. ಓಣಂ ರಜೆಗೆ ಮನೆಗೆ ಬಂದ ಮಗಳು ಫೋನಿನಲ್ಲಿ ಏನನ್ನೋ ನೋಡಿ ನಗುತ್ತಿದ್ದಳು. ನಾವು ಹತ್ತಿರ ಹೋದ ಕೂಡಲೆ ಫೋನನ್ನು ಕವುಚಿ ಇಟ್ಟಳು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದಕ್ಕಿಂತ ದೊಡ್ಡ ಕುತೂಹಲ ಬೇರೊಂದಿಲ್ಲ. ಬಳಿಕ ಆಕೆಯೇ ತೋರಿಸಿದಳು. ಅಮೇರಿಕದವರ ವೇಗದ ಮಾತು ನಮ್ಮ ಕಿವಿಗೆ ಹತ್ತಲಿಲ್ಲ. ಕೆಳಗೆ ಮೂಡುವ ಅಕ್ಷರಗಳನ್ನು ಓದುತ್ತ, ಅಲ್ಲಲ್ಲಿ ನಿಲ್ಲಿಸುತ್ತ, ಒಂದೊಂದನ್ನು ಎರಡು ಮೂರು ಸಲ ನೋಡಿದೆವು. ಕೆಲವು ಭಾಗಗಳನ್ನು ಮಗಳ ಇದಿರಿಗೆ ನೋಡಲಾರದೆ ಒಬ್ಬರೇ ನೋಡಿದೆವೆಂಬುದನ್ನೂ ಮರೆಮಾಚುವುದಿಲ್ಲ. ನಿಸ್ಸಂಕೋಚವಾದ ಕಲೆಯನ್ನು ವಿಮರ್ಶಿಸುವವನು ಇಷ್ಟನ್ನಾದರೂ ಒಪ್ಪಿಕೊಳ್ಳಬೇಡವೆ?

ಟೇಲರ್ ಟಾಮ್ಲಿನ್ಸನ್ ಹುಟ್ಟಿದುದು 1993ರ ನವೆಂಬರಿನಲ್ಲಿ, ಕ್ಯಾಲಿಫೋರ್ನಿಯದಲ್ಲಿ. ಬೆಳೆದುದು ಅದೇ ಪ್ರಾಂತದ ತೆಮೆಕ್ಯುಲ ಎಂಬ ಊರಿನಲ್ಲಿ. ಮನೆಯವರು ನಿಷ್ಠಾವಂತ ಕ್ರೈಸ್ತರು, ಸಂಪ್ರದಾಯಸ್ಥರು. ಈಕೆ ಹಿರಿಯ ಮಗಳು, ಬೆನ್ನಿಗೆ ಮೂವರು. ಈಕೆಗೆ 8 ವರ್ಷವಾಗಿದ್ದಾಗ ತಾಯಿ ಕ್ಯಾನ್ಸರಿನಿಂದ ತೀರಿಕೊಂಡಳು. ತಂದೆ ಮರುಮದುವೆಯಾದನು. ಈಕೆಗೆ 16 ವರ್ಷವಾದಾಗ ಆ ತಂದೆಯೇ ತನ್ನನ್ನೂ ಮಗಳನ್ನೂ ಹಾಸ್ಯ ಕಲಿಸುವ ಒಂದು ತರಗತಿಗೆ ಸೇರಿಸಿದನು. ಈಕೆಯ ವೃತ್ತಿಜೀವನ ಅಲ್ಲಿಂದ ಆರಂಭವಾಗುತ್ತದೆ. ಮೊದಮೊದಲು ಚರ್ಚುಗಳ ನೆಲಮಾಳಿಗೆಗಳಲ್ಲಿ, ಶಾಲೆಗಳ ಊಟದ ಮನೆಗಳಲ್ಲಿ, ಕಾಫಿ ಅಂಗಡಿಗಳಲ್ಲಿ ಮಾತಾಡಿದಳು. 2015ರಲ್ಲಿ ಎನ್‌ಬಿಸಿಯ 'ಲಾಸ್ಟ್ ಕಾಮಿಕ್ ಸ್ಟ್ಯಾಂಡಿಂಗ್' ಸ್ಪರ್ಧೆಯ ಒಂಬತ್ತನೆಯ ಆವೃತ್ತಿಯಲ್ಲಿ ಕೊನೆಯ ಹತ್ತು ಮಂದಿಯಲ್ಲಿ ಒಬ್ಬಳಾದಳು. 2018ರಲ್ಲಿ ನೆಟ್‌ಫ್ಲಿಕ್ಸಿನ 'ದ ಕಾಮೆಡಿ ಲೈನ್‌ಅಪ್' ಮಾಲಿಕೆಯಲ್ಲಿ ಕಾಲುಗಂಟೆಯ ಅವಕಾಶ ದೊರೆಯಿತು. ಆ ಬಳಿಕ ಒಂದೊಂದು ಗಂಟೆಯ ಮೂರು ಕಾರ್ಯಕ್ರಮಗಳು: 2020ರ ಮಾರ್ಚಿನಲ್ಲಿ 'ಕ್ವಾರ್ಟರ್-ಲೈಫ್ ಕ್ರೈಸಿಸ್', 2022ರ ಮಾರ್ಚಿನಲ್ಲಿ 'ಲುಕ್ ಅಟ್ ಯೂ', 2024ರ ಫೆಬ್ರವರಿಯಲ್ಲಿ 'ಹ್ಯಾವ್ ಇಟ್ ಆಲ್'. ನಮ್ಮ ವಿಮರ್ಶೆ ಮುಖ್ಯವಾಗಿ ಈ ಮೂರನ್ನು ಕುರಿತದ್ದು.

ಉಪಾಧ್ಯಾಯರಾದ ನಮ್ಮ ಲಕ್ಷ್ಯ ಮೊದಲು ಹೋದುದು ಆ ತರಗತಿಯ ಕಡೆಗೆ. ಹಾಸ್ಯವನ್ನು ಕಲಿಸಬಹುದೆ? ನಮ್ಮಲ್ಲಿ ಅದು ಹುಟ್ಟುಗುಣವೆಂದೇ ನಂಬಿಕೆ. "ಅವನ ನಾಲಗೆಯೇ ಹಾಗೆ" ಎನ್ನುತ್ತೇವೆ. ಆದರೆ ಟಾಮ್ಲಿನ್ಸನ್‌ಳ ಮಾತನ್ನು ಗಮನವಿಟ್ಟು ಕೇಳಿದರೆ ಅದು ನಾಲಗೆಯಿಂದ ಜಾರಿದ ಮಾತಲ್ಲ, ತಿದ್ದಿ ತಿದ್ದಿ ಬರೆದ ಗದ್ಯ ಎಂಬುದು ತಿಳಿಯುತ್ತದೆ. ನಗೆಯುಕ್ಕಿಸುವ ಪದ ವಾಕ್ಯದ ಕೊನೆಯಲ್ಲಿಯೇ ಬರುತ್ತದೆ. ಅದರ ಮೇಲೆ ಒಂದು ಅಕ್ಷರವೂ ಇಲ್ಲ. ಮೊದಲ ಹತ್ತು ನಿಮಿಷಗಳಲ್ಲಿ ಸುಮ್ಮನೆ ಬಿಟ್ಟುಹೋದ ಒಂದು ಸಂಗತಿ ನಲವತ್ತನೆಯ ನಿಮಿಷದಲ್ಲಿ ಬೇರೆ ಅರ್ಥದಿಂದ ಮರಳಿ ಬರುತ್ತದೆ. ಮುಖವನ್ನೂ ದನಿಯನ್ನೂ ಒಂದೇ ಉಸಿರಿನಲ್ಲಿ ಬದಲಿಸಿ ತಂದೆಯಾಗುತ್ತಾಳೆ, ತಂಗಿಯಾಗುತ್ತಾಳೆ, ವೈದ್ಯಳಾಗುತ್ತಾಳೆ, ಮರುಕ್ಷಣದಲ್ಲಿ ತಾನಾಗುತ್ತಾಳೆ. 'ನಿಸ್ಸಂಕೋಚ'ವೆಂಬ ಮಾತನ್ನು ಕೇಳಿ ಬಾಯಿಗೆ ಬಂದುದನ್ನು ಹೇಳುವವಳೆಂದು ಯಾರಾದರೂ ತಿಳಿದರೆ ಅದು ತಪ್ಪು.

ಈ ಹದವನ್ನು ಆಕೆಗೆ ಕಲಿಸಿದುದರಲ್ಲಿ ಚರ್ಚಿನ ಪಾಲೂ ಇದೆಯೆಂದು ನಾವು ತಿಳಿಯುತ್ತೇವೆ. ಚರ್ಚಿನ ಸಭೆಯಲ್ಲಿ ಬೈಗುಳು ಕೂಡದು, ಶೃಂಗಾರ ಕೂಡದು, ಸಂದೇಹವಂತೂ ಕೂಡವೇ ಕೂಡದು. ಇಷ್ಟನ್ನು ಬಿಟ್ಟ ಮೇಲೆ ನಗಿಸಲು ಉಳಿಯುವುದು ಶುದ್ಧವಾದ ವಾಕ್ಯರಚನೆ ಮಾತ್ರ. ವೃತ್ತ ಕಂದಗಳ ಕಟ್ಟಿನಲ್ಲಿ ಬರೆದು ಬಳಿಕ ಸರಳ ರಗಳೆಗೆ ಬಂದ ಕವಿಗಳಿಗೂ ಮೊದಲಿನಿಂದಲೇ ಕಟ್ಟನ್ನು ಕಾಣದವರಿಗೂ ಇರುವ ಅಂತರ ನಮಗೆಲ್ಲ ತಿಳಿದಿದೆ, ಇಲ್ಲಿಯೂ ಹಾಗೆಯೇ. ಆದರೆ ಆ ಕಟ್ಟು ಮುರಿಯಲೇಬೇಕಾಗಿತ್ತು. ಆಗಿನ ಟ್ವಿಟರಿನಲ್ಲಿ ತಾನು ಬರೆದ ಒಂದು ಶೃಂಗಾರದ ಚುಟುಕದ ದೆಸೆಯಿಂದ ಚರ್ಚೊಂದರ ಕಾರ್ಯಕ್ರಮ ಕೈತಪ್ಪಿತೆಂದು ಆಕೆಯೇ ಹೇಳಿಕೊಂಡಿದ್ದಾಳೆ. ಇಪ್ಪತ್ತು ದಾಟಿದ ಹುಡುಗಿ ತಾನು ನಂಬದ ಮಾತುಗಳನ್ನು ಹೇಳಿ, ನಂಬುವ ಮಾತುಗಳನ್ನು ನುಂಗಿ, ಭಕ್ತರನ್ನು ನಗಿಸುತ್ತ ಎಷ್ಟು ಕಾಲ ನಡೆದಾಳು? ಅಲ್ಲಿ ಹಣವಿತ್ತು, ಮರ್ಯಾದೆಯಿತ್ತು, ಮನೆಯವರ ಒಪ್ಪಿಗೆಯಿತ್ತು. ಅದನ್ನು ಬಿಟ್ಟು ಹೊರಟುದು ಆಕೆಯ ವೃತ್ತಿಯ ಮೊದಲನೆಯ ಗಟ್ಟಿ ತೀರ್ಮಾನ.

ಆಕೆಗಿಂತ ಮುಂಚಿನ ಹೆಂಗಸರು ಏನು ಮಾಡುತ್ತಿದ್ದರು ಎಂಬುದನ್ನು ನೋಡಿದರೆ ಇದರ ಬೆಲೆ ತಿಳಿದೀತು. ಫಿಲಿಸ್ ಡಿಲ್ಲರ್ 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋವಿನ ಪರ್ಪಲ್ ಆನಿಯನ್ ಎಂಬಲ್ಲಿ ಮೊದಲು ವೇದಿಕೆ ಹತ್ತಿದಾಗ ಆಕೆಗೆ 37 ವರ್ಷ, ಐದು ಮಕ್ಕಳು. ಕೆದರಿದ ಕೂದಲು, ವಿಚಿತ್ರವಾದ ಉಡುಪು, ಕೈಯಲ್ಲಿ ಸೇದದ ಸಿಗರೇಟಿನ ಉದ್ದನೆಯ ಕೊಳವೆ, ಬಾಯಲ್ಲಿ 'ಫ್ಯಾಂಗ್' ಎಂಬ ಕಲ್ಪಿತ ಗಂಡನ ಕತೆಗಳು. ತನ್ನನ್ನು ತಾನೇ ಕುರೂಪಿಯೆಂದು ಸಾರಿ, ಆ ಮರೆಯಲ್ಲಿ ನಿಂತು ಆಕೆ ಮಾತಾಡಿದಳು. ಅದೊಂದು ವೇಷವೇ. 1965ರಲ್ಲಿ ಜಾನಿ ಕಾರ್ಸನ್ನನ ಕಾರ್ಯಕ್ರಮದಿಂದ ಹೆಸರಾದ ಜೋನ್ ರಿವರ್ಸ್ ಆ ವೇಷವನ್ನು ಅರ್ಧ ಕಳಚಿದಳು. 1987ರಲ್ಲಿ ಗಂಡ ಆತ್ಮಹತ್ಯೆ ಮಾಡಿಕೊಂಡ ಮೇಲೆ ಆ ದುಃಖವನ್ನೂ ವೇದಿಕೆಗೆ ತಂದಳು. ಮನೋರೋಗವನ್ನು ನಗೆಗೆ ವಸ್ತುವಾಗಿಸಿದವರಲ್ಲಿ ಮರಿಯ ಬ್ಯಾಮ್‌ಫರ್ಡ್ ಟಾಮ್ಲಿನ್ಸನ್‌ಗಿಂತ ಹಿರಿಯಳು. ಹೀಗಿರಲು ಈಕೆಯೇ ಮೊದಲಿಗಳೆಂದು ಹೇಳುವುದು ಸಲ್ಲದು. ನಮ್ಮ ಕನ್ನಡದಲ್ಲಿಯೂ ರಾಶಿಯವರ 'ಕೊರವಂಜಿ'ಯ ಕಾಲದಲ್ಲಿಯೇ ಟಿ. ಸುನಂದಮ್ಮನವರು ಮನೆಯೊಳಗಿನ ಬಾಳನ್ನು ಹೆಂಗಸಿನ ಕಣ್ಣಿನಿಂದ ಕಂಡು ನಗಿಸಿದರಷ್ಟೆ. ಈಚೆಗೆ ಮುಂಬಯಿಯ ಅದಿತಿ ಮಿತ್ತಲ್, 2023ರಲ್ಲಿ ಎಡಿನ್‌ಬರೊದ ಹಾಸ್ಯ ಪ್ರಶಸ್ತಿಗಳಲ್ಲಿ ಹೊಸಬರ ಬಹುಮಾನ ಗಳಿಸಿದ ಉರೂಜ್ ಅಶ್ಫಾಕ್ ಇವರೂ ಇದೇ ಹಾದಿಯವರು.

ಮೊದಲನೆಯ ಕಾರ್ಯಕ್ರಮವಾದ 'ಕ್ವಾರ್ಟರ್-ಲೈಫ್ ಕ್ರೈಸಿಸ್' ಬಂದಾಗ ಆಕೆಗೆ 26. ಯೌವನವೇ ಬಾಳಿನ ಸುಗ್ಗಿ, ಅದನ್ನು ಅನುಭವಿಸು ಎಂದು ಹಿರಿಯರು ಹೇಳುವ ಮಾತು ಎಷ್ಟು ಪೊಳ್ಳು ಎಂಬುದು ಅದರ ವಸ್ತು. ಮುರಿದುಬಿದ್ದ ನಿಶ್ಚಿತಾರ್ಥ, ತಾನು ಬೆಳೆದ ಮತದ ಗೊಡವೆ, ತನ್ನ ಪ್ರಾಯದವರ ಹುಚ್ಚಾಟಗಳು ಇವೆಲ್ಲ ಬರುತ್ತವೆ. ಚುರುಕಾಗಿದೆ, ಅಚ್ಚುಕಟ್ಟಾಗಿದೆ. ಆದರೂ ಜಾಣ ಹುಡುಗಿಯ ಉತ್ತರಪತ್ರಿಕೆಯಂತಿದೆ; ಅಂಕ ಕೊಡದೆ ವಿಧಿಯಿಲ್ಲ, ಆದರೆ ರಾತ್ರಿ ಮಲಗಿದ ಮೇಲೆ ನೆನಪಿಗೆ ಬರುವುದಿಲ್ಲ. ಆ ಕಾರ್ಯಕ್ರಮ ಹೊರಬಿದ್ದ ಕೆಲವೇ ದಿನಗಳಲ್ಲಿ ಕೊರೋನದಿಂದ ಲೋಕದ ನಾಟಕಶಾಲೆಗಳೆಲ್ಲ ಮುಚ್ಚಿದವು. ಎರಡು ವರ್ಷಗಳ ಮೇಲೆ 'ಲುಕ್ ಅಟ್ ಯೂ' ಬಂದಿತು. ಅದು ಬೇರೆಯೇ ದರ್ಜೆಯ ಕೃತಿ.

ಅದರಲ್ಲಿ ಎರಡು ಸಂಗತಿಗಳು ಮುಖ್ಯ. ಒಂದು, ತನಗೆ ಬೈಪೋಲಾರ್ ಎಂಬ ಮನೋರೋಗವಿದೆಯೆಂದು ವೈದ್ಯರು ಹೇಳಿದುದು. ಉಬ್ಬರ ಇಳಿತಗಳಂತೆ ಮನಸ್ಸು ಒಮ್ಮೆ ಉಕ್ಕಿ ಒಮ್ಮೆ ಕುಸಿಯುವ ಕಾಯಿಲೆ ಅದು; ಔಷಧದಿಂದ ಹತೋಟಿಯಲ್ಲಿಡಬಹುದಾದದ್ದು. ಇದನ್ನು ಆಕೆ ಈಜಿಗೆ ಹೋಲಿಸುತ್ತಾಳೆ. ಈಜು ಬಾರದವನಿಗೆ ಅದನ್ನು ಹೇಳಿಕೊಳ್ಳಲು ನಾಚಿಕೆ. ಕೆಲವು ಕಡೆಗೆ ಅವನನ್ನು ಕರೆದೊಯ್ಯುವುದೂ ಕಷ್ಟ. ಆದರೆ ತೋಳಿಗೆ ಕಟ್ಟುವ ಗಾಳಿಚೀಲಗಳಿವೆ, ಕಟ್ಟಿಕೊಂಡರೆ ಎಲ್ಲಿಗೆ ಬೇಕಾದರೂ ಹೋಗಬಹುದು. ಇದಿಷ್ಟು ಆ ಮಾತಿನ ತಾತ್ಪರ್ಯ. ಅಲಂಕಾರದ ಪಾಠಕ್ಕೆ ಇದನ್ನು ಪೂರ್ಣೋಪಮೆಯ ಉದಾಹರಣೆಯಾಗಿ ಕೊಟ್ಟರೆ ತಪ್ಪಾಗದು. ಉಪಮೇಯ ಭಯಂಕರವಾದುದು, ಉಪಮಾನವೋ ಮಕ್ಕಳ ಆಟದ ವಸ್ತು. ಭಯಂಕರವಾದುದನ್ನು ಚಿಕ್ಕದಾಗಿಸುವುದು ಇಲ್ಲಿಯ ಕೆಲಸ, ಆದರೆ ಇಲ್ಲವೆನ್ನುವುದಿಲ್ಲ. ನೀರು ಅಲ್ಲಿಯೇ ಇದೆ, ಆಳವೂ ಅಷ್ಟೇ ಇದೆ. ನಮ್ಮ ಊರಿನ ಕೆರೆಯಲ್ಲಿ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಕಟ್ಟಿಕೊಂಡು ಈಜು ಕಲಿತವರಿಗೆ ಇದು ಬೇಗನೆ ತಿಳಿಯುತ್ತದೆ. ಕಾಯಿ ಕಟ್ಟಿಕೊಂಡ ಹುಡುಗನನ್ನು ನಾವು ಯಾರೂ ಹುಚ್ಚನೆಂದು ಕರೆದುದಿಲ್ಲ. ಮಾತ್ರೆ ನುಂಗುವ ಅಣ್ಣನಿರುವ ಮನೆಗೆ ಮಾತ್ರ ಹೆಣ್ಣು ಕೊಡಲು ಹಿಂಜರಿಯುತ್ತೇವೆ.

ಎರಡನೆಯದು ತಾಯಿಯ ಸಾವು. ತಾಯಿ ಬದುಕಿದ್ದರೆ ತಾನು ಈ ವಯಸ್ಸಿಗೆ ಇಷ್ಟು ಮೇಲೆ ಬರುತ್ತಿದ್ದೆನೆ ಎಂದು ಕೇಳಿ, ಅವಳು ಸ್ವರ್ಗದಲ್ಲಿದ್ದಾಳೆ, ತಾನು ನೆಟ್‌ಫ್ಲಿಕ್ಸಿನಲ್ಲಿದ್ದೇನೆ, ಎಲ್ಲವೂ ಸರಿಹೋಯಿತು ಎಂಬರ್ಥದಲ್ಲಿ ಆಕೆ ಹೇಳುತ್ತಾಳೆ. ಮೊದಲ ಸಲ ಕೇಳಿದಾಗ ನಮಗೆ ಸಿಟ್ಟು ಬಂದಿತು. ತಾಯಿಯ ಸಾವಿನ ಮೇಲೆ ನಗೆಯೆ? ಎರಡನೆಯ ಸಲ ಕೇಳಿದಾಗ ಬೇರೊಂದು ಹೊಳೆಯಿತು. 'ಎಲ್ಲವೂ ಸರಿಹೋಯಿತು' ಎಂಬ ಮಾತು ಯಾರದು? ಎಂಟು ವರ್ಷದ ಮಗುವಿನ ತಲೆಯ ಮೇಲೆ ಕೈಯಿಟ್ಟು, ದೇವರು ಏನನ್ನೋ ನೆನೆದೇ ಮಾಡಿದ್ದಾನೆ ಎಂದು ಸಮಾಧಾನ ಹೇಳುವ ಹಿರಿಯರದಲ್ಲವೆ? ಆ ಹಿರಿಯರ ಸಮಾಧಾನವನ್ನೇ ಆಕೆ ಚಾಚೂ ತಪ್ಪದೆ ಒಪ್ಪಿಸುತ್ತಾಳೆ. ದೇವರ ಲೆಕ್ಕದಲ್ಲಿ ತಾಯಿಯ ಬದಲಿಗೆ ಬಂದುದು ಒಂದು ಟೆಲಿವಿಷನ್ ಕಂಪೆನಿ ಎಂದು ಲೆಕ್ಕ ಮುಗಿಸುತ್ತಾಳೆ. ನಗುವವನು ನಕ್ಕ ಮೇಲೆ ಆ ಲೆಕ್ಕದ ಮೋಸ ಕಾಣುತ್ತದೆ. ತಾಯಿಯನ್ನು ನಕ್ಕದ್ದಲ್ಲ, ಸಮಾಧಾನವನ್ನು ನಕ್ಕದ್ದು.

ಸಹೋದ್ಯೋಗಿಗಳ ಪ್ರಶ್ನೆಗೆ ಉತ್ತರ ಇಲ್ಲಿ ಬರುತ್ತದೆ. ಬಹಳ ವರ್ಷಗಳ ಹಿಂದೆ ನಾವು ಕನ್ನಡ ಅಧ್ಯಾಪಕರಾಗಿದ್ದಾಗ ಒಂಬತ್ತನೆಯ ತರಗತಿಗೆ 'ನನ್ನ ತಾಯಿ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಕೊಟ್ಟೆವು. ಎಲ್ಲರೂ ಬರೆಯುವುದನ್ನೇ ಎಲ್ಲರೂ ಬರೆದರು; ತಾಯಿ ದೇವರು, ತಾಯಿ ತ್ಯಾಗಮಯಿ. ಒಬ್ಬಳು ಹುಡುಗಿ, ಹಿಂದಿನ ವರ್ಷ ತಾಯಿಯನ್ನು ಕಳೆದುಕೊಂಡವಳು, ಬೇರೆ ಬರೆದಿದ್ದಳು. ಅಮ್ಮ ಸತ್ತ ಮೇಲೆ ನೆರೆಯವರು ದಿನವೂ ಪಾಯಸ ತಂದು ಕೊಟ್ಟದ್ದರಿಂದ ತಾನು ಮೊದಲ ಸಲ ದಪ್ಪವಾದೆನೆಂದು ಬರೆದಿದ್ದಳು. ಅಪ್ಪನಿಗೆ ಜಡೆ ಹಾಕಲು ಬಾರದು. ಹಸುವಿಗೆ ಹಗ್ಗ ಬಿಗಿಯುವ ಗಂಟು ಮಾತ್ರ ಗೊತ್ತು. ಆದುದರಿಂದ ತನಗೂ ಅದೇ ಗಂಟು. ಈ ತನಕ ತಾನು ತಪ್ಪಿಸಿಕೊಂಡು ಓಡಿಹೋಗಿಲ್ಲ ಎಂದು ಬರೆದಿದ್ದಳು. ನಾವು ಕೆಂಪು ಶಾಯಿಯಲ್ಲಿ 'ವಿಷಯಕ್ಕೆ ತಕ್ಕ ಗಾಂಭೀರ್ಯವಿಲ್ಲ' ಎಂದು ಗೀಚಿ ಹತ್ತಕ್ಕೆ ಮೂರು ಅಂಕ ಕೊಟ್ಟೆವು. ಅಷ್ಟಕ್ಕೇ ಬಿಡದೆ ತರಗತಿಯಲ್ಲಿ ನಿಲ್ಲಿಸಿ, ತಾಯಿಯ ವಿಷಯದಲ್ಲಿ ತಮಾಷೆ ಮಾಡಬಾರದೆಂದು ಬುದ್ಧಿಯನ್ನೂ ಹೇಳಿದೆವು. ಮುಂದಿನ ಪ್ರಬಂಧದಲ್ಲಿ ಆಕೆ ಎಲ್ಲರ ಹಾಗೆಯೇ ಬರೆದಳು. ಏಳು ಅಂಕ ಕೊಟ್ಟೆವು.

ಆ ಹಗ್ಗದ ಗಂಟಿನ ವಾಕ್ಯವನ್ನು ಇಷ್ಟು ವರ್ಷಗಳ ಮೇಲೂ ನಾವು ಮರೆತಿಲ್ಲ. ಏಳು ಅಂಕದ ಪ್ರಬಂಧದಲ್ಲಿ ಏನಿತ್ತೆಂಬುದು ಒಂದು ಅಕ್ಷರವೂ ನೆನಪಿಲ್ಲ. ವಿಮರ್ಶೆಯ ಪಾಠ ಹೇಳುವವನಿಗೆ ಇದಕ್ಕಿಂತ ಬೇರೆ ಒರೆಗಲ್ಲು ಏಕೆ?

ಶಾಸ್ತ್ರವನ್ನು ನೋಡಿದರೆ ನಮ್ಮ ತಪ್ಪಿಗೆ ಬೆಂಬಲವೂ ದೊರೆಯುತ್ತದೆ, ಖಂಡನೆಯೂ ದೊರೆಯುತ್ತದೆ. ಭರತನು ಹಾಸ್ಯರಸವನ್ನು ಆತ್ಮಸ್ಥ, ಪರಸ್ಥ ಎಂದು ಎರಡು ಮಾಡಿದನು. ತಾನು ನಗುವುದು ಆತ್ಮಸ್ಥ, ಪರರನ್ನು ನಗಿಸುವುದು ಪರಸ್ಥ. ನಗೆಯನ್ನು ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯಾಗಿ ಎಣಿಸಿದನು. ಈ ರಸ ಹೆಚ್ಚಾಗಿ ಸ್ತ್ರೀಯರಲ್ಲಿಯೂ ನೀಚಪ್ರಕೃತಿಯವರಲ್ಲಿಯೂ ಕಾಣುವುದೆಂದೂ ಹೇಳಿದನು. ಆ ಮಾತಿನಲ್ಲಿ ಹೆಂಗಸರಿಗೆ ಅವಮಾನವಿದೆಯೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದರಿಂದ ಬೇರೊಂದು ಅರ್ಥವನ್ನೂ ಹಿಂಡಬಹುದು. ಗಾಂಭೀರ್ಯವನ್ನು ಕಾಪಾಡಿಕೊಂಡು ಲಾಭವಿಲ್ಲದವರು ಯಾರೋ ಅವರೇ ಮೊದಲು ನಗುತ್ತಾರೆ. ಅಭಿನವಗುಪ್ತನು ಇನ್ನೂ ಮುಂದೆ ಹೋಗಿ, ಯಾವ ರಸದ ಆಭಾಸದಿಂದಲಾದರೂ ಹಾಸ್ಯ ಹುಟ್ಟಬಹುದೆಂದನು. ಹಾಗಾದರೆ ಕರುಣದ ಬಾಗಿಲಿನಿಂದಲೂ ಹಾಸ್ಯಕ್ಕೆ ದಾರಿಯುಂಟು. ಆದರೆ ಟಾಮ್ಲಿನ್ಸನ್‌ಳಲ್ಲಿ ಕರುಣವು ಆಭಾಸವಲ್ಲ, ನಿಜವಾದುದು, ನಗೆಯೂ ನಿಜವಾದುದು. ಎರಡೂ ಒಂದೇ ವಾಕ್ಯದಲ್ಲಿ ಒಂದನ್ನೊಂದು ಕೆಡಿಸದೆ ಇವೆ. ಇದಕ್ಕೆ ನಮ್ಮ ಲಾಕ್ಷಣಿಕರು ಹೆಸರಿಟ್ಟಂತೆ ಕಾಣೆವು. ಬಲ್ಲ ಸಂಸ್ಕೃತ ಪಂಡಿತರು ತಿದ್ದಿದರೆ ಸಂತೋಷ.

ಇದಕ್ಕೆ ವಿರುದ್ಧವಾದ ವಾದವೂ ಒಂದಿದೆ; ಅದನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಆಸ್ಟ್ರೇಲಿಯದ ತಾಸ್ಮೇನಿಯದಿಂದ ಬಂದ ಹಾನ ಗ್ಯಾಡ್ಸ್‌ಬಿ ಅವರು 2018ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದ 'ನಾನೆಟ್' ಎಂಬ ಕಾರ್ಯಕ್ರಮದಲ್ಲಿ, ತಮ್ಮನ್ನು ತಾವೇ ಕೀಳುಮಾಡಿ ನಗಿಸುವುದನ್ನು ಬಿಟ್ಟುಬಿಡುವುದಾಗಿ ಸಾರಿದರು. ಅಂಚಿಗೆ ತಳ್ಳಲ್ಪಟ್ಟವನು ತನ್ನನ್ನೇ ಹಳಿದುಕೊಂಡರೆ ಅದು ವಿನಯವಲ್ಲ, ಅವಮಾನ ಎಂಬುದು ಅವರ ಪಕ್ಷ. ಮತ್ತೊಂದು ಮಾತೂ ಇದೆ: ಕತೆಗೆ ಆದಿ, ಮಧ್ಯ, ಅಂತ್ಯಗಳೆಂಬ ಮೂರು ಬೇಕು; ನಗೆಚಾಟಿಕೆಗೆ ಎರಡೇ ಸಾಕು. ನೋವನ್ನು ನಗೆಯಾಗಿ ಹೇಳುತ್ತ ಹೋದವನು ತನ್ನ ಕತೆಯನ್ನು ನಡುವಿನಲ್ಲಿಯೇ ನಿಲ್ಲಿಸಿಬಿಡುತ್ತಾನೆ. ಗಡಿನಾಡಿನವರಾದ ನಮಗೆ ಈ ಮಾತು ಚುಚ್ಚದೆ ಇರದು. ಅಲ್ಲಿಯೂ ಸಲ್ಲದವರು ಇಲ್ಲಿಯೂ ಸಲ್ಲದವರು ಎಂದು ನಾವೇ ನಮ್ಮನ್ನು ಎಷ್ಟು ಸಭೆಗಳಲ್ಲಿ ನಕ್ಕುಕೊಂಡಿಲ್ಲ? ಚಪ್ಪಾಳೆಯಾಗುತ್ತದೆ, ಕನ್ನಡ ಪಠ್ಯಪುಸ್ತಕ ಮಾತ್ರ ಓಣಂ ಕಳೆದ ಮೇಲೆಯೇ ಬರುತ್ತದೆ.

ಆದರೂ ಗ್ಯಾಡ್ಸ್‌ಬಿಯವರ ವಾದ ಟಾಮ್ಲಿನ್ಸನ್‌ಗೆ ಪೂರ್ತಿಯಾಗಿ ತಗಲುವುದಿಲ್ಲವೆಂದು ನಮ್ಮ ಅಭಿಪ್ರಾಯ. ಈಕೆ ತನ್ನನ್ನು ಹಳಿದುಕೊಳ್ಳುವುದಿಲ್ಲ. ತನ್ನ ಸ್ಥಿತಿಯನ್ನು ವರ್ಣಿಸುತ್ತಾಳೆ. ಕುರೂಪಿ, ದಡ್ಡಿ, ಅಪ್ರಯೋಜಕಿ ಎಂಬ ಹಳೆಯ ವೇಷಗಳನ್ನು ತೊಡುವುದಿಲ್ಲ. ಅಷ್ಟಲ್ಲದೆ, 'ಲುಕ್ ಅಟ್ ಯೂ'ವಿನ ರಚನೆಯಲ್ಲಿ ಮೂರನೆಯ ಭಾಗವೂ ಇದೆ. ರೋಗ, ಅದನ್ನು ಒಪ್ಪದ ಮನಸ್ಸು, ಒಪ್ಪಿ ಔಷಧ ತೆಗೆದುಕೊಂಡು ಬಾಳುವುದು: ಇದು ಆದಿ, ಮಧ್ಯ, ಅಂತ್ಯವಲ್ಲವೆ?

ತಗಲುವ ಆಕ್ಷೇಪ ಬೇರೊಂದು. ತನ್ನ ಗುಟ್ಟನ್ನು ಹೇಳುವವಳು ತನ್ನೊಬ್ಬಳ ಗುಟ್ಟನ್ನೇ ಹೇಳಲಾರಳು. ತಂದೆ, ತಂಗಿಯರು, ತಮ್ಮ, ಹಿಂದಿನ ಪ್ರಣಯಿಗಳು, ಎಲ್ಲರೂ ಅದರೊಡನೆ ವೇದಿಕೆಗೆ ಎಳೆಯಲ್ಪಡುತ್ತಾರೆ. ಅವರ ಕೈಯಲ್ಲಿ ಮೈಕಿಲ್ಲ. ವಿಶೇಷವಾಗಿ ಆ ತಂದೆಯ ವಿಷಯ ನಮ್ಮನ್ನು ಕಾಡಿತು. ಮಗಳ ಕೈಹಿಡಿದು ಹಾಸ್ಯದ ತರಗತಿಗೆ ಕರೆದೊಯ್ದವನು ಅವನೇ. ಮುಂದೆ ಆ ಹಾಸ್ಯಕ್ಕೆ ಗುರಿಯಾದವನೂ ಅವನೇ. ತಂದೆಯ ಮಾತನ್ನೂ ಗತ್ತನ್ನೂ ಆಕೆ ಅನುಕರಿಸುವಾಗ ಸಭೆ ಬಿದ್ದು ಬಿದ್ದು ನಗುತ್ತದೆ. ಹೆಣ್ಣುಮಕ್ಕಳ ತಂದೆಯಾದ ನಾವು ಆ ಭಾಗದಲ್ಲಿ ನಗಲಿಲ್ಲ. ಇದನ್ನು ವಿಮರ್ಶಕನ ತೀರ್ಪೆಂದು ತಿಳಿಯಬೇಕಾಗಿಲ್ಲ. ತಂದೆಯೊಬ್ಬನ ತಕರಾರು ಎಂದೇ ತಿಳಿಯಿರಿ. ಮಗಳನ್ನು ಕೇಳಿದಾಗ ಆಕೆ, "ಅಪ್ಪ, ನೀವು ನಗದೆ ಇರುವುದೇ ಅದರ ಗುರಿ" ಎಂದಳು.

'ಹ್ಯಾವ್ ಇಟ್ ಆಲ್' ಬಂದಾಗ ಆಕೆಗೆ 30. ವೃತ್ತಿಯಲ್ಲಿ ಎಲ್ಲ ದೊರೆತರೂ ಮನೆಯ ಬಾಳಿನಲ್ಲಿ ದೊರೆಯದಿರುವುದು, ಎಲ್ಲವನ್ನೂ ಪಡೆಯಬಹುದೆಂಬ ಈ ಕಾಲದ ಭ್ರಮೆ ಇವು ಅದರ ವಸ್ತು. ಕೈಚಳಕ ಇನ್ನೂ ಹೆಚ್ಚಿದೆ. ಹೇಳಬೇಕಾದುದು ಮಾತ್ರ ಹಿಂದಿನಷ್ಟಿಲ್ಲ. ಸಂಗಾತಿಗಳನ್ನು ಹುಡುಕುವ ಪರದಾಟದ ಮೇಲಿನ ಮಾತುಗಳು ಹೆಚ್ಚಾದವು, ಅವುಗಳಲ್ಲಿ ಕೆಲವನ್ನು ಬೇರೆ ಯಾರಾದರೂ ಹೇಳಬಹುದಾಗಿತ್ತು. ಮತ್ತೊಂದು ಅಪಾಯವೂ ಕಾಣುತ್ತದೆ. ಈಗ ಸಭೆ ಆಕೆಯ ಗುಟ್ಟುಗಳಿಗಾಗಿಯೇ ಕಾದು ಕುಳಿತಿದೆ. ಆಕೆ ಬಾಯಿ ತೆರೆಯುವ ಮುನ್ನವೇ ನಗಲು ಸಿದ್ಧವಾಗಿದೆ. ಗುಟ್ಟನ್ನು ನಿರೀಕ್ಷಿಸುವವರಿಗೆ ಗುಟ್ಟು ಹೇಳುವುದರಲ್ಲಿ ಧೈರ್ಯವೆಷ್ಟು? ಚರ್ಚಿನ ಸಭೆಯಲ್ಲಿ ಹೇಳಿದ್ದರೆ ಬೆಲೆ ತೆರಬೇಕಾಗಿದ್ದ ಮಾತಿಗೆ ಇಲ್ಲಿ ಬೆಲೆ ದೊರೆಯುತ್ತದೆ. ನಿಸ್ಸಂಕೋಚವೂ ಕಾಲಕ್ರಮದಲ್ಲಿ ಒಂದು ವೇಷವಾಗಬಲ್ಲುದು. ಡಿಲ್ಲರಳ ಕೆದರಿದ ಕೂದಲಿನ ಹಾಗೆ.

ಇದು ಆಕೆಗೂ ತಿಳಿದಿರಬೇಕೆಂದು ನಾವು ಊಹಿಸುತ್ತೇವೆ. ಊಹೆಗೆ ಆಧಾರ ಮುಂದಿನ ಘಟನೆ. 2024ರ ಜನವರಿ 16ರಿಂದ ಸಿಬಿಎಸ್ ಟೆಲಿವಿಷನ್ನಿನಲ್ಲಿ 'ಆಫ್ಟರ್ ಮಿಡ್‌ನೈಟ್' ಎಂಬ ಕಾರ್ಯಕ್ರಮ ಆರಂಭವಾಯಿತು. ಜೇಮ್ಸ್ ಕಾರ್ಡನ್ ಬಿಟ್ಟುಹೋದ ಹೊತ್ತಿನಲ್ಲಿ, ಅಂದರೆ ರಾತ್ರಿ 12 ಗಂಟೆ 37 ನಿಮಿಷಕ್ಕೆ. ನಡೆಸಲು ಈಕೆಯನ್ನು ಆರಿಸಿದರು. ಅಮೇರಿಕೆಯ ದೊಡ್ಡ ಜಾಲಗಳಲ್ಲಿ ತಡರಾತ್ರಿಯ ಕಾರ್ಯಕ್ರಮ ನಡೆಸುತ್ತಿದ್ದವರಲ್ಲಿ ಆಗ ಹೆಂಗಸು ಈಕೆಯೊಬ್ಬಳೇ; ಎಲ್ಲರಿಗಿಂತ ಕಿರಿಯಳೂ ಈಕೆಯೇ. ಮೂವರು ಹಾಸ್ಯಗಾರರನ್ನು ಕೂರಿಸಿ, ಅಂತರಜಾಲದಲ್ಲಿ ಆ ದಿನ ಸುದ್ದಿಯಾದುದರ ಮೇಲೆ ಪೋಟಿ ನಡೆಸಿ ಅಂಕ ಕೊಡುವ ಆಟ ಅದು. ನಾವು ಅದರ ತುಣುಕುಗಳನ್ನಷ್ಟೇ ನೋಡಿದೆವು. ಅಂಕ ಕೊಡುವವರ ಸ್ಥಾನದಲ್ಲಿ ಕುಳಿತಾಗ ಆಕೆಯ ಮಾತು ಚುರುಕಾಗಿತ್ತು, ಆದರೆ ಅದು ಆಕೆಯದೇ ಮಾತಾಗಿರಲಿಲ್ಲ. ಅಂಕ ಕೊಡುವ ಕುರ್ಚಿಯ ಗುಣವೇ ಅದು, ನಮಗೆ ಅನುಭವವಿದೆ. ಒಂದೂವರೆ ವರ್ಷವೂ ತುಂಬುವ ಮುನ್ನ, 2025ರ ಮಾರ್ಚಿನಲ್ಲಿ, ತಾನು ಇದನ್ನು ಬಿಟ್ಟು ಮರಳಿ ಊರೂರು ತಿರುಗಿ ಪ್ರದರ್ಶನ ಕೊಡುವುದಾಗಿ ತಿಳಿಸಿದಳು. ಜೂನ್ 12ರಂದು ಕೊನೆಯ ಕಂತು ಪ್ರಸಾರವಾಯಿತು. ಕಂಪೆನಿಯವರು ಬೇರೊಬ್ಬರನ್ನು ಕೂರಿಸದೆ ಆ ಕಾರ್ಯಕ್ರಮವನ್ನೇ ಮುಗಿಸಿದರು.

ಸ್ಥಿರವಾದ ಸಂಬಳ, ದೇಶದ ತುಂಬ ಹೆಸರು, ದೊಡ್ಡ ಕುರ್ಚಿ ಇವನ್ನು ಬಿಟ್ಟು ದಿನಕ್ಕೊಂದು ಊರಿನಲ್ಲಿ ಒಬ್ಬಳೇ ನಿಲ್ಲಲು ಹೊರಟುದನ್ನು ಕೆಲವರು ಅವಿವೇಕವೆಂದರು. ಚರ್ಚನ್ನು ಬಿಟ್ಟ ಹುಡುಗಿಯ ಎರಡನೆಯ ಬಿಡುಗಡೆ ಅದೆಂದು ನಾವು ಓದುತ್ತೇವೆ. ಎರಡು ಸಲವೂ ಬಿಟ್ಟುದು ಭದ್ರವಾದುದನ್ನು; ಎರಡು ಸಲವೂ ಮರಳಿದುದು ಆ ಒಂಟಿ ಮೈಕಿನ ಕಡೆಗೆ.

ಈ ಲೇಖನವನ್ನು ಬರೆಯುವ ಮುನ್ನ ನಾವು ಆ ಹಳೆಯ ವಿದ್ಯಾರ್ಥಿನಿಯನ್ನು ಹುಡುಕಿಸಿದೆವು. ಈಗ ಆಕೆಗೆ ಇಬ್ಬರು ಮಕ್ಕಳು, ದೂರದ ಊರಿನಲ್ಲಿದ್ದಾಳೆ. ಫೋನಿನಲ್ಲಿ ಹಗ್ಗದ ಗಂಟಿನ ಮಾತು ತೆಗೆದಾಗ ಆಕೆಗೆ ಪ್ರಬಂಧದ ನೆನಪೇ ಇರಲಿಲ್ಲ. ಮೂರು ಅಂಕದ ನೆನಪು ಮಾತ್ರ ಇತ್ತು. ಅಂಕವನ್ನು ಈಗ ತಿದ್ದಲು ಬರುತ್ತದೆಯೇ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಡ ಸಾರ್, ಎಸ್.ಎಸ್.ಎಲ್.ಸಿ. ಪಾಸಾಗಿದೆ" ಎಂದಳು. ನಗುವುದಕ್ಕೆ ಮೊದಲು ನಮಗೆ ಒಂದು ಕ್ಷಣ ಹಿಡಿಯಿತು.